ಶೇಂಗಾ ಪುಡಿಗೆ ಯಾವ ಪೌಚ್? ಮುಲುಂಡ್‌ನಲ್ಲಿ ಒಂದು ಮಳೆಗಾಲದ ಪರೀಕ್ಷೆ

ಮೇ ತಿಂಗಳಲ್ಲಿ ಗಿರಾಕಿಯೊಬ್ಬರು ಒಂದು ಬಟ್ಟೆ ಚೀಲ ತಂದು ಕೈಗಿಟ್ಟರು. ಒಳಗೆ ನನ್ನವೇ ಖಾಲಿ ಪೌಚ್‌ಗಳು, ಮೂವತ್ತಕ್ಕೂ ಜಾಸ್ತಿ. ತೊಳೆದು, ಒಣಗಿಸಿ, ರಬ್ಬರ್ ಬ್ಯಾಂಡ್ ಹಾಕಿದ್ದರು. "ಭಂಗಾರ್‌ವಾಲಾ ತಗೊಳ್ಳಲ್ಲ ಅಕ್ಕಾ. ಕಸಕ್ಕೆ ಹಾಕೋಕೆ ಮನಸ್ಸು ಬರಲ್ಲ. ನೀವೇ ಏನಾದ್ರೂ ಮಾಡಿ" ಅಂದರು. ಭಂಗಾರ್‌ವಾಲಾ ಅಂದರೆ ಇಲ್ಲಿ ಗುಜರಿ ಕೊಳ್ಳುವವನು.

ನಾನು ಮನೆಯಲ್ಲೇ ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ, ಚಕ್ಕಲಿ ಮಾಡಿ ಮಾರುತ್ತೇನೆ. ಅರ್ಧ ಮಾಲು ಇಲ್ಲೇ ಮುಂಬೈ ಕಡೆಯ ಮುಲುಂಡ್, ಠಾಣೆ, ಮಾಟುಂಗಾದ ನಮ್ಮವರಿಗೆ. ಉಳಿದದ್ದು ಕೊರಿಯರ್. ಆರು ವರ್ಷದಿಂದ ಎಲ್ಲಕ್ಕೂ ಬೆಳ್ಳಿ ಬಣ್ಣದ ಪೌಚೇ. ಆ ಚೀಲ ಬಂದ ಮೇಲೆ ಮಸ್ಜಿದ್ ಬಂದರಿನ ಸಗಟು ಅಂಗಡಿಗಳ ಗಲ್ಲಿಗಳನ್ನು ಎರಡು ದಿನ ಸುತ್ತಿದೆ. ಸಿಕ್ಕಿದ ಬಗೆಬಗೆಯ ಪೌಚ್ ತಂದೆ. ಜುಲೈ ಮೊದಲ ವಾರ ಒಂದೇ ಘಾಣದ, ಅಂದರೆ ಒಂದೇ ಸಲಕ್ಕೆ ಕರಿದ ಚಕ್ಕಲಿ, ಒಂದೇ ದಿನ ಕುಟ್ಟಿದ ಪುಡಿ ತುಂಬಿ ಅಡುಗೆಮನೆಯ ಶೆಲ್ಫ್ ಮೇಲೆ ಸಾಲಾಗಿ ಇಟ್ಟೆ. ಪ್ರತಿ ಬಗೆಯದ್ದೂ ಒಂದೊಂದು ಖಾಲಿ ಪೌಚನ್ನು ಬಾಲ್ಕನಿಯ ಗೊಬ್ಬರದ ಕುಂಡದಲ್ಲಿ ಹೂತೆ. ಮುಂಬೈ ಮಳೆಗಾಲಕ್ಕಿಂತ ಕಠಿಣ ಪರೀಕ್ಷೆ ಬೇರೆ ಬೇಕಾ? ಇಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರು ಬಿಡುತ್ತದೆ.

ಮೊದಲು ಬೆಳ್ಳಿ ಪೌಚ್. ಒಂದಕ್ಕೆ ನಾಲ್ಕೂವರೆ ರೂಪಾಯಿ. ಕೆಲಸದಲ್ಲಿ ಇದನ್ನು ಮೀರಿಸಿದ್ದು ಯಾವುದೂ ಇಲ್ಲ, ಸುಳ್ಳು ಯಾಕೆ ಹೇಳಲಿ. ಸೆಪ್ಟೆಂಬರ್ ಕೊನೆಗೆ ತೆರೆದಾಗಲೂ ಚಕ್ಕಲಿ ಕಟುಂ ಅಂತು. ನೋಡಲು ಒಂದೇ ಹಾಳೆ, ಆದರೆ ಮೂರು ಪದರ. ಹೊರಗಿನ ಪಾಲಿಯೆಸ್ಟರ್ ಹರಿಯದಂತೆ ಹಿಡಿಯುತ್ತದೆ. ನಡುವಿನ ಅಲ್ಯೂಮಿನಿಯಂ ಗಾಳಿ, ತೇವ, ಬೆಳಕು ಮೂರನ್ನೂ ತಡೆಯುತ್ತದೆ. ಒಳಗಿನ ಪಾಲಿಥೀನ್ ಸೀಲಿಂಗ್ ಮಷಿನ್‌ನ ಬಿಸಿಗೆ ಕರಗಿ ಅಂಟುತ್ತದೆ. ಮೂರನ್ನೂ ಗಟ್ಟಿಯಾಗಿ ಅಂಟಿಸಿರುವುದರಿಂದಲೇ ಭಂಗಾರ್‌ವಾಲಾ ಮುಟ್ಟುವುದಿಲ್ಲ. ಬೇರೆ ಬೇರೆ ಮಾಡದೆ ಮತ್ತೆ ಕರಗಿಸುವ ಹಾಗಿಲ್ಲ, ಬೇರೆ ಮಾಡುವ ಖರ್ಚು ಯಾರೂ ಹಾಕುವುದಿಲ್ಲ. ಸಿಮೆಂಟ್ ಕಾರ್ಖಾನೆಯ ಭಟ್ಟಿಗೆ ಹೋದರೆ ಪುಣ್ಯ, ಇಲ್ಲದಿದ್ದರೆ ಡಂಪಿಂಗ್ ಗ್ರೌಂಡ್.

ನಮ್ಮ ಮುಲುಂಡ್ ಡಂಪಿಂಗ್ ಗ್ರೌಂಡ್ 2018ರಲ್ಲಿ ಬಂದ್ ಆಯಿತು. ಈಗ ಊರಿನ ಕಸ ಹೆಚ್ಚಾಗಿ ಕಾಂಜೂರ್‌ಮಾರ್ಗ್‌ಗೆ ಹೋಗುತ್ತದೆ. ಎರಡೂ ಠಾಣೆ ಖಾಡಿಯ, ಅಂದರೆ ನೆಲದೊಳಕ್ಕೆ ಚಾಚಿದ ಸಮುದ್ರದ ಹಿನ್ನೀರಿನ, ಮಗ್ಗುಲಲ್ಲೇ ಇವೆ. ಚಳಿಗಾಲದಲ್ಲಿ ಫ್ಲೆಮಿಂಗೊ ನೋಡಲು ಜನ ದೋಣಿ ಹತ್ತುತ್ತಾರಲ್ಲ, ಅದೇ ಖಾಡಿ. ಬಿಸಿಲಿಗೆ, ಅಲೆಗೆ ಪ್ಲಾಸ್ಟಿಕ್ ಚೂರಾಗುತ್ತದೆ, ಇಲ್ಲವಾಗುವುದಿಲ್ಲ. ಚೂರು 5 ಮಿಲಿಮೀಟರ್‌ಗಿಂತ ಸಣ್ಣದಾದರೆ ಅದನ್ನೇ ಮೈಕ್ರೋಪ್ಲಾಸ್ಟಿಕ್ ಅನ್ನುವುದು. 2018ರಲ್ಲೇ ಐಐಟಿ ಬಾಂಬೆಯ ಸಂಶೋಧಕರು ಅಂಗಡಿಯಲ್ಲಿ ಮಾರುವ ಸಮುದ್ರದ ಉಪ್ಪಿನಲ್ಲಿ ಇಂಥ ಚೂರುಗಳನ್ನು ಕಂಡರು. ಆ ಐಐಟಿ ಇರುವ ಪವಾಯಿ ನಮ್ಮಿಂದ ಎಷ್ಟು ದೂರ? ನಾನು ಪುಡಿಗೆ ಹಾಕುವುದೂ ಅದೇ ಉಪ್ಪು. ಪೌಚ್ ಖಾಡಿಗೆ ಹೋಗಿ, ಉಪ್ಪಿನ ಜೊತೆ ಒರಳಿಗೇ ವಾಪಸ್ ಬಂದ ಹಾಗಾಯಿತು.

ಇನ್ನು ಕಂದು ಕಾಗದದ ಪೌಚ್. ಕ್ರಾಫ್ಟ್ ಅಂತಾರಲ್ಲ, ಮುಂದೆ ಪುಟ್ಟ ಕಿಟಕಿ ಇರುವುದು, ಅದು. ಏಳು ರೂಪಾಯಿ. ಅಂಗಡಿಯವನು "ಇಕೋ ಫ್ರೆಂಡ್ಲಿ" ಅಂತ ನಾಲ್ಕು ಸಲ ಹೇಳಿದ. 2018ರಲ್ಲಿ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಬಂದು, ಮೊದಲ ಸಲಕ್ಕೇ 5,000 ರೂಪಾಯಿ ದಂಡ ಅಂದಾಗ ನಾವೆಲ್ಲ ಹೆದರಿದ್ದೆವು. ಆ ಹೆದರಿಕೆಗೆ ಈ ಕಂದು ಬಣ್ಣ ಒಳ್ಳೆ ಔಷಧಿ. ಫೋಟೋದಲ್ಲಂತೂ ಚೆಂದ ಕಾಣುತ್ತದೆ, ಹಳ್ಳಿಯಿಂದ ಬಂದ ಮಾಲಿನ ಹಾಗೆ.

ಚಕ್ಕಲಿ ಎರಡು ವಾರ ಚೆನ್ನಾಗಿತ್ತು. ಆಮೇಲೆ ಝಿಪ್ ಹತ್ತಿರದಿಂದ ಮೆತ್ತಗಾಗುತ್ತ ಬಂತು. ಮಳೆಯ ತೇವ ಹೀರಿ ಕಾಗದ ಸುಕ್ಕುಗಟ್ಟಿತು, ಕೆಳಗಿನ ಮಡಿಕೆಯಲ್ಲಿ ಶೇಂಗಾ ಎಣ್ಣೆಯ ಕಲೆ ಎದ್ದಿತು. ಇದೆಲ್ಲ ಸಹಿಸಬಹುದು. ನನಗೆ ಸಿಟ್ಟು ಬಂದಿದ್ದು ಕುಂಡ ಅಗೆದಾಗ. ಸೆಪ್ಟೆಂಬರ್‌ನಲ್ಲಿ ಕೈ ಹಾಕಿದರೆ ಕಾಗದದ ಸುಳಿವೇ ಇಲ್ಲ. ಅದರ ಜಾಗದಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಪಾರದರ್ಶಕ ಪೊರೆ, ಪೌಚ್‌ನ ಆಕಾರ ಹಾಗೇ ಉಳಿಸಿಕೊಂಡು, ಝಿಪ್ ಸಮೇತ! ಎಳೆದರೆ ಬೆರಳಿಗೆ ಅಂಟಿ ಹರಿಯಿತು. ಕೆಲವು ತುಂಡು ಮಣ್ಣಲ್ಲೇ ಉಳಿದವು, ಎಷ್ಟು ಆರಿಸಿದರೂ ಮುಗಿಯಲಿಲ್ಲ. ಕಾಗದದ ಒಳಮೈಗೆ ಪ್ಲಾಸ್ಟಿಕ್ ಅಂಟಿಸಿರುತ್ತಾರೆ, ಕಿಟಕಿ ಕೂಡ ಪ್ಲಾಸ್ಟಿಕ್. ಭಂಗಾರ್‌ವಾಲಾ ಹರಿದು ಒಳಗೆ ನೋಡಿ "ಯೇ ನಹೀ ಚಲೇಗಾ ಭಾಭೀ" ಅಂತ ವಾಪಸ್ ಕೊಟ್ಟ. ಬೆಳ್ಳಿ ಪೌಚಾದರೂ ತಾನು ಪ್ಲಾಸ್ಟಿಕ್ ಅಂತ ಒಪ್ಪಿಕೊಳ್ಳುತ್ತದೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಇದೇ.

ನಾನು ಜಾಸ್ತಿ ಆಸೆ ಇಟ್ಟುಕೊಂಡಿದ್ದು ಕಾಂಪೋಸ್ಟ್ ಆಗುವ ಪೌಚ್ ಮೇಲೆ. ಹದಿನಾಲ್ಕು ರೂಪಾಯಿ ಕೊಟ್ಟೆ. ಮೆಕ್ಕೆಜೋಳ, ಕಬ್ಬಿನ ಸಕ್ಕರೆಯಿಂದ ಮಾಡುವ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್, ಅದಕ್ಕೆ ಮೆತ್ತಗೆ ಬಾಗಲಿ ಅಂತ ಪಿಬಿಎಟಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಸೇರಿಸಿರುತ್ತಾರೆ. ಪಿಬಿಎಟಿ ಹೆಚ್ಚಾಗಿ ಪೆಟ್ರೋಲಿಯಂನಿಂದಲೇ ಬರುವುದು, ಆದರೂ ಕೊಳೆಯುತ್ತದೆ. ಮಷಿನ್‌ನ ಬಿಸಿ ಯಾವಾಗಿನಂತೆ ಇಟ್ಟು ಒತ್ತಿದೆ, ಸೀಲ್ ಆಗುವ ಬದಲು ತೂತೇ ಬಿತ್ತು. ಮೂರು ಪೌಚ್ ಹಾಳು ಮಾಡಿ ಬಿಸಿ ಕಡಿಮೆ ಮಾಡಿದ ಮೇಲೆ ಸರಿಹೋಯಿತು. ಆದರೆ ಐದನೇ ದಿನಕ್ಕೇ ಅತ್ತೆ ಒಂದು ಚಕ್ಕಲಿ ಎತ್ತಿ ಬಾಗಿಸಿ ತೋರಿಸಿದರು. "ಏನವಾ ಇದು, ಹಸಿ ಹಪ್ಪಳದಂಗ ಬಾಗಾಕತ್ತೈತಿ!" ಅದು ಮುರಿಯಲೇ ಇಲ್ಲ. ಈ ಪ್ಲಾಸ್ಟಿಕ್‌ನಲ್ಲಿ ನೀರಾವಿ ಸಲೀಸಾಗಿ ದಾಟುತ್ತದೆ.

ಕುಂಡದಲ್ಲಿ ಮೂರು ತಿಂಗಳಿಗೆ ಗಿಳಿ ಕಚ್ಚಿದ ಎಲೆಯಂತೆ ತೂತು ತೂತಾಗಿತ್ತು, ಮುಗಿದಿರಲಿಲ್ಲ. ತಪ್ಪು ಪೌಚ್‌ನದಲ್ಲ. ಅದರ ಮೇಲೆ ಬರೆದಿರುವ ಐಎಸ್‌ಒ 17088, ಅಂದರೆ ಪ್ಲಾಸ್ಟಿಕ್ ಕೊಳೆತು ಗೊಬ್ಬರವಾಗುತ್ತದೆಯೇ ಅನ್ನುವ ಅಂತರರಾಷ್ಟ್ರೀಯ ಪರೀಕ್ಷೆ, ದೊಡ್ಡ ಗೊಬ್ಬರ ಘಟಕಕ್ಕೆ ಸಂಬಂಧಿಸಿದ್ದು. ಅಲ್ಲಿ ರಾಶಿಯ ಒಳಗೆ 58 ಡಿಗ್ರಿ ಆಸುಪಾಸು ಬಿಸಿ ಇರಬೇಕು. ನನ್ನ ಕುಂಡ ಕೈಗೆ ಉಗುರು ಬೆಚ್ಚಗೆ ಅನಿಸಿದರೆ ಹೆಚ್ಚು. ಸರಿ, ಹಸಿ ಕಸದ ಜೊತೆ ಕಳಿಸೋಣ ಅಂತ ಬಕೆಟ್‌ಗೆ ಹಾಕಿದೆ. ಸೊಸೈಟಿಯಲ್ಲಿ ಕಸ ಬೇರ್ಪಡಿಸುವ ಮೌಶಿ ಅದನ್ನು ಎತ್ತಿ, ನನ್ನನ್ನೇ ದುರುಗುಟ್ಟಿ ನೋಡಿ, ಒಣ ಕಸಕ್ಕೆ ಎಸೆದರು. ಅವರಿಗೇನು ಗೊತ್ತಾಗಬೇಕು ಪಾಪ, ನೋಡಲು ಪ್ಲಾಸ್ಟಿಕ್ಕೇ. ಅಲ್ಲಿ ಪಾಲಿಥೀನ್ ಜೊತೆ ಬೆರೆತರೆ ಆ ಮಾಲನ್ನೂ ಕೆಡಿಸುತ್ತದೆ. ಸರಿಯಾದ ಗೊಬ್ಬರ ಘಟಕ, ಸರಿಯಾದ ಕಸದ ಗಾಡಿ ಇರುವ ಊರಲ್ಲಿ ಇದು ಗೆಲ್ಲಬಹುದು. ನಮ್ಮ ಬಿಲ್ಡಿಂಗ್‌ನಲ್ಲಿ ಗೆಲ್ಲಲಿಲ್ಲ.

ಸೆಲ್ಲೋಫೇನ್ ಬಗ್ಗೆ ಎರಡು ಮಾತು. ನಿಜವಾದ ಸೆಲ್ಲೋಫೇನ್ ಮರದ ತಿರುಳಿನದು, 1908ರಲ್ಲಿ ಸ್ವಿಟ್ಜರ್ಲೆಂಡ್‌ನ ಬ್ರಾಂಡನ್‌ಬರ್ಗರ್ ಕಂಡುಹಿಡಿದದ್ದು. ಅಂಗಡಿಯಲ್ಲಿ ಆ ಹೆಸರಲ್ಲಿ ಕೊಡುವುದು ಹೆಚ್ಚಾಗಿ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್. ಒಂದು ತುಂಡಿಗೆ ಕಡ್ಡಿ ಗೀರಿ ನೋಡಿ. ಕಾಗದದಂತೆ ಉರಿದು ಬೂದಿಯಾದರೆ ಅಸಲಿ, ಕರಗಿ ತೊಟ್ಟಿಕ್ಕಿದರೆ ನಕಲಿ. ನಾಲ್ಕನೇ ಅಂಗಡಿಯಲ್ಲಿ ಅಸಲಿ ಸಿಕ್ಕಿತು. ಕುಂಡದಲ್ಲಿ ಪೂರ್ತಿ ಮಾಯವಾಗಿದ್ದು ಇದೊಂದೇ. ಆದರೆ ಚಕ್ಕಲಿ ಎರಡೇ ದಿನಕ್ಕೆ ಮೆತ್ತಗಾಯಿತು, ಮೇಲಾಗಿ ಅದು ಬಿಸಿಗೆ ಅಂಟುವುದಿಲ್ಲ, ಟೇಪ್ ಬೇಕು. ಬೇಸಿಗೆಯ ಮದುವೆ ಮನೆಗೆ, ಅವತ್ತೇ ತಿನ್ನುವ ಉಂಡೆ ಸುತ್ತಲು ಸರಿ.

ಕೊನೆಗೆ ಬರೀ ಪಾಲಿಥೀನ್ ಪೌಚ್. ದಪ್ಪನೆಯದು, ಅಚ್ಚಿಲ್ಲದ್ದು, ಒಂದೇ ಜಾತಿಯದ್ದು, ಮೂರು ರೂಪಾಯಿ. ನೋಡಲು ಏನೂ ಇಲ್ಲ. ಚಕ್ಕಲಿ ಆರು ವಾರ ಗರಿಗರಿ ಇತ್ತು, ಯಾಕಂದರೆ ಪಾಲಿಥೀನ್ ತೇವ ಚೆನ್ನಾಗಿ ತಡೆಯುತ್ತದೆ. ಆದರೆ ಗಾಳಿಯ ಆಮ್ಲಜನಕ ಒಳಗೆ ನುಸುಳುತ್ತದೆ. ಐದನೇ ವಾರಕ್ಕೆ ಶೇಂಗಾ ಪುಡಿ ತೆರೆದರೆ ಸಣ್ಣಗೆ ಕಮಟು ವಾಸನೆ. ಕುಂಡದಲ್ಲಿ ಇಟ್ಟಂತೆಯೇ ಇತ್ತು, ಇರಲೇಬೇಕು. ಎಸೆದರೆ ಇದೂ ಚೂರಾಗಿ ಖಾಡಿ ಸೇರುವುದೇ. ಆದರೆ ಭಂಗಾರ್‌ವಾಲಾ ಒಂದು ಮಾತೂ ಆಡದೆ ತಕ್ಕಡಿಗೆ ಹಾಕಿಕೊಂಡ. ಅದೊಂದು ನೋಟ ನನಗೆ ಸಾಕಾಯಿತು. ಸುಮ್ನೆ ಒಂದು ಅಂಟು ಲೇಬಲ್ ಹಚ್ಚುತ್ತಿದ್ದೆ, ಈಗ ಬೇರೆ ಜಾತಿಯದ್ದೇನೂ ಬೆರೆಯಬಾರದು ಅಂತ ಅದನ್ನೂ ಬಿಟ್ಟು ಚೀಟಿಯನ್ನು ದಾರದಲ್ಲಿ ಕಟ್ಟುತ್ತೇನೆ.

ಕಮಟು ವಾಸನೆಗೆ ಏನು ಮಾಡಿದೆ? ಘಾಣ ಸಣ್ಣದು ಮಾಡಿದೆ. ಪುಡಿ ಆರು ತಿಂಗಳು ಕೆಡಬಾರದು ಅನ್ನುವುದು ಅಂಗಡಿಯ ಶೆಲ್ಫ್‌ನ ಚಿಂತೆ, ಆ ಚಿಂತೆಗೇ ಮೂರು ಪದರ ಬೇಕಾಗಿದ್ದು. ಚೀಟಿಯಲ್ಲಿ "ಒಂದು ತಿಂಗಳೊಳಗೆ ತಿನ್ನಿ" ಅಂತ ಬರೆದೆ. ಒಬ್ಬಿಬ್ಬರು ಗೊಣಗಿದರು, ಉಳಿದವರು ಹೇಗೂ ಹದಿನೈದು ದಿನಕ್ಕೇ ಖಾಲಿ ಮಾಡುತ್ತಿದ್ದರಂತೆ.

ಕೊರಿಯರ್‌ಗೆ ಈ ಪಾಲಿಥೀನ್. ಮುಲುಂಡ್, ಠಾಣೆಯವರಿಗೆ 150 ರೂಪಾಯಿ ಠೇವಣಿ ಮೇಲೆ ಸ್ಟೀಲ್ ಡಬ್ಬಿ. ಅಕ್ಟೋಬರ್‌ನಲ್ಲಿ ಹನ್ನೊಂದು ಡಬ್ಬಿ ಹೋದವು, ಎಂಟು ವಾಪಸ್ ಬಂದವು. ಬಾರದ ಮೂರರಲ್ಲಿ ಒಂದರ ಮೇಲೆ ಅತ್ತೆಯ ಹೆಸರು ಕೆತ್ತಿದೆ. ಅವರು ದಿನಾ ಕೇಳುತ್ತಿದ್ದಾರೆ.