ಗಂಜಿ ಬುಟ್ಟಿ, ಜಿಲೆಟಿನ್ ಬುಟ್ಟಿ, ಚಾರ್ಟ್ ಬುಟ್ಟಿ

ದೀಪಾವಳಿಗೆ ಹೂವು-ಹಣ್ಣು ತರೋಕೆ ಅಂತ ಗಡಿಯಾರ ಕಂಬದ ಕಡೆ ಹೋಗಿದ್ದೆ. ರೆಡಿಮೇಡ್ ಆಕಾಶಬುಟ್ಟಿಗಳು ಸಾಲಾಗಿ ತೂಗುತ್ತಿದ್ದವು. ಚೆನ್ನಾಗೇ ಇದ್ದವು, ಆದರೆ ಒಂದಕ್ಕೂ ಗಂಜಿ ವಾಸನೆ ಇರಲಿಲ್ಲ. ಅಪ್ಪ ಮಾಡುತ್ತಿದ್ದ ಬುಟ್ಟಿಯಲ್ಲಿ ನನಗೆ ಮೊದಲು ನೆನಪಾಗುವುದೇ ಆ ವಾಸನೆ.

"ಈ ಸಲ ನಾವೇ ಮಾಡೋಣ್ವಾ?" ಅಂತ ಅಕ್ಕನ ಮಗಳನ್ನು ಕೇಳಿದೆ. ಆರನೇ ಕ್ಲಾಸಿನ ಹುಡುಗಿ.

"ಎಷ್ಟು ಮಾಡೋಣ ಚಿಕ್ಕಮ್ಮ?"

ಒಂದು ಅಂದಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಮೂರು ಅಂದೆ. ಒಂದು ಅಪ್ಪನ ಥರದ್ದು: ಬಿದಿರು ಕಡ್ಡಿ, ಗಾಳಿಪಟದ ತೆಳು ಹಾಳೆ, ಮೈದಾ ಗಂಜಿ. ಇನ್ನೊಂದು ಅದೇ ಹಂದರಕ್ಕೆ ಜಿಲೆಟಿನ್ ಪೇಪರ್ ಸುತ್ತಿದ್ದು. ಮತ್ತೊಂದು ಸ್ಕೂಲಿನ ಕ್ರಾಫ್ಟ್ ಪೀರಿಯಡ್‌ನಲ್ಲಿ ಕಲಿತ ಚಾರ್ಟ್ ಬುಟ್ಟಿ, ಅದಕ್ಕೆ ಹಂದರವೇ ಬೇಡ. ಮೂರನ್ನೂ ನೀರು ತುಂಬೋ ಹಬ್ಬದ ಸಂಜೆ ಜಗುಲಿಯಲ್ಲಿ ಪಕ್ಕಪಕ್ಕ ತೂಗುಹಾಕಿದೆವು.

ಹಂದರಕ್ಕೆ ಒಂದು ಗೇಣು ಉದ್ದದ 24 ಕಡ್ಡಿ ಬೇಕು. ಮೇದಾರರ ಹತ್ತಿರ ಬಿದಿರು ಸೀಳಿಸಿಕೊಂಡು ಬಂದೆ. ಗಿಣ್ಣು ಇರುವ ಕಡ್ಡಿ ತಗೋಬೇಡಿ, ಚೌಕ ಸೊಟ್ಟಗಾಗುತ್ತದೆ. ನಾಲ್ಕು ನಾಲ್ಕು ಕಡ್ಡಿ ದಾರದಲ್ಲಿ ಕಟ್ಟಿದರೆ ಆರು ಚೌಕ. ಅವನ್ನು ಮೂಲೆಗೆ ಮೂಲೆ ಸೇರಿಸಿ ಕಟ್ಟುತ್ತಾ ಹೋದರೆ ನಡುನಡುವೆ ಎಂಟು ತ್ರಿಕೋನ ತಾನಾಗೇ ಹುಟ್ಟಿಕೊಳ್ಳುತ್ತವೆ. ಸುತ್ತಲಿನ ನಾಲ್ಕು ಚೌಕ ಶಂಕರಪೋಳಿ ಥರ ಮೂಲೆ ಮೇಲೆ ಮಾಡಿಕೊಂಡು ನಿಲ್ಲುತ್ತವೆ. ಮೇಲಿನದು, ಕೆಳಗಿನದು ಎರಡನ್ನೂ ಖಾಲಿ ಬಿಡಬೇಕು. ಬಲ್ಬ್ ಇಳಿಸೋಕೆ, ಬಿಸಿ ಹೊರಗೆ ಹೋಗೋಕೆ.

ಕಟ್ಟಿ ಮುಗಿಸಿದರೆ ಇಡೀ ಹಂದರ ಲೊಡಲೊಡ ಅಲ್ಲಾಡುತ್ತಿತ್ತು. ಎಲ್ಲೋ ತಪ್ಪಿದೆವು ಅಂದುಕೊಂಡೆ. "ನಿಮ್ಮಪ್ಪ ಕಟ್ಟಿದ್ದೂ ಹಂಗೇ ಅಲ್ಲಾಡ್ತಿತ್ತು, ಮೊದ್ಲು ಹಾಳೆ ಹಚ್ಚು" ಅಂದರು ಅಮ್ಮ.

ಗಂಜಿ ಕಾಯಿಸಿದ್ದೂ ಅಮ್ಮನೇ. ಎರಡು ಚಮಚ ಮೈದಾಕ್ಕೆ ಒಂದು ಲೋಟ ನೀರು. ಮೊದಲು ತಣ್ಣೀರಲ್ಲೇ ಗಂಟಿಲ್ಲದಂತೆ ಕಲಸಬೇಕು, ಆಮೇಲೆ ಸಣ್ಣ ಉರಿ. ಬಿಳಿ ನೀರು ಇದ್ದಕ್ಕಿದ್ದಂತೆ ಮಂದವಾಗಿ ಹೊಳಪು ಬರುತ್ತದಲ್ಲ, ಆಗ ಇಳಿಸಬೇಕು. ನಾನು ಫೋನ್ ನೋಡುತ್ತಾ ಕೂತಿದ್ದೆ. "ಗಟ್ಟಿ ಆತು ನೋಡು, ಒಂಚೂರು ನೀರು ಹಾಕು" ಅಂತ ಬೈಸಿಕೊಂಡೆ. ಅಪ್ಪ ಇದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು, ಅಟ್ಟದ ಮೇಲೆ ಜಿರಳೆ ತಿನ್ನದಿರಲಿ ಅಂತ. ಅದು ವಿಷ. ಮಗು ಕೈ ಹಾಕುವ ಗಂಜಿ, ಅದಕ್ಕೇ ನಾನು ಹಾಕಲಿಲ್ಲ.

ತೆಳು ಹಾಳೆಗೆ ಗಂಜಿ ತಾಗಿದ ಕೂಡಲೇ ಅದು ಸುಕ್ಕುಗಟ್ಟಿ ಜೋಲುಬಿತ್ತು. ಗುಲಾಬಿ ಬಣ್ಣ ಬೆರಳಿಗೆಲ್ಲ ಹತ್ತಿತು. ನೋಡೋಕೆ ಹಳೇ ಕರ್ಚೀಫ್ ಥರ. ಬೇಜಾರಲ್ಲಿ ಮಲಗಿದೆವು. ಬೆಳಗ್ಗೆ ಎದ್ದು ನೋಡಿದರೆ ಒಂದು ಸುಕ್ಕೂ ಇಲ್ಲ. ಬೆರಳಲ್ಲಿ ತಟ್ಟಿದರೆ ಹಲಗೆ ಬಡಿದ ಹಾಗೆ ಟಪ್ ಟಪ್. ಒದ್ದೆಯಾದಾಗ ಹಾಳೆಯ ನಾರು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಅಂಚು ಕಡ್ಡಿಗೆ ಅಂಟಿರುವುದರಿಂದ ಹಾಳೆ ಎಲ್ಲ ಕಡೆಯಿಂದ ಬಿಗಿದುಕೊಳ್ಳುತ್ತದೆ. ಹಂದರದ ಅಲ್ಲಾಟವೂ ನಿಂತಿತ್ತು.

ಜಿಲೆಟಿನ್‌ಗೆ ಈ ಭಾಗ್ಯ ಇಲ್ಲ. ಹೆಸರು ಹಾಗಿದ್ದರೂ ನನಗೆ ಸಿಕ್ಕಿದ್ದು ಪ್ಲಾಸ್ಟಿಕ್ಕೇ. ಗಂಜಿ ಜಾರಿತು, ಬಿಳಿ ಗೋಂದು ಒಣಗಿ ಸಿಪ್ಪೆಯ ಹಾಗೆ ಎದ್ದು ಬಂತು. ಕೊನೆಗೆ ಎರಡೂ ಕಡೆ ಅಂಟುವ ಟೇಪ್. ಎಷ್ಟು ಎಳೆದು ಹಚ್ಚಿದರೂ ನಡುವೆ ಸಡಿಲವೇ, ಹಂದರ ಆಮೇಲೂ ಅಲ್ಲಾಡುತ್ತಲೇ ಇತ್ತು. ಗಾಳಿ ಬಂದರೆ ಮಂಡಕ್ಕಿ ಕವರಿಗೆ ಕೈ ಹಾಕಿದ ಹಾಗೆ ಚರಚರ ಸದ್ದು. ರಾತ್ರಿ ಒಳಗಿನ ಎಲ್‌ಇಡಿ ಬಲ್ಬು ಬೆತ್ತಲೆ ಕಾಣುತ್ತಿತ್ತು, ಕಣ್ಣಿಗೆ ಚುಚ್ಚುವಂತೆ. ಆದರೆ ಒಂದು ಮಾತು ಒಪ್ಪಬೇಕು. ಗೋಡೆ ಮೇಲೆ ಬಣ್ಣ ಬಿದ್ದಿದ್ದು ಇದರದ್ದು ಮಾತ್ರ. ಹಳದಿ ಮೇಲೆ ನೀಲಿ ಹಚ್ಚಿದ ಕಡೆ ಹಸಿರು ಬೆಳಕು. ಹುಡುಗಿ ಅದರಲ್ಲಿ ಕೈ ಆಡಿಸುತ್ತಾ ಅರ್ಧ ಗಂಟೆ ನಿಂತಿದ್ದಳು. ಅವಳ ಮಾರ್ಕ್ಸ್ ಎಲ್ಲ ಇದಕ್ಕೇ.

ಗಂಜಿ ಬುಟ್ಟಿಯ ಬೆಳಕು ಬೇರೆ. ಬಲ್ಬ್ ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ, ಇಡೀ ಬುಟ್ಟಿಯೇ ಹಣ್ಣಾದ ಹಾಗೆ ಹೊಳೆಯುತ್ತದೆ. ಕಡ್ಡಿಯ ನೆರಳು ಮಾತ್ರ ಸಣ್ಣ ಗೆರೆ.

ಚಾರ್ಟ್ ಬುಟ್ಟಿಗೆ ಹಿಡಿದಿದ್ದು ಅರ್ಧ ಗಂಟೆ. ಹಾಳೆ ಮಡಚು, ಮಡಿಕೆ ಕಡೆಯಿಂದ ಕತ್ತರಿಸು, ಅಂಚಿನಲ್ಲಿ ಒಂದಿಂಚು ಬಿಡು, ಬಿಚ್ಚಿ ಸುತ್ತು. ಇಲ್ಲೊಂದು ಗುಟ್ಟಿದೆ. ಹಾಳೆಯನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಗ್ಗಿಸಿ ನೋಡಿ, ಒಂದು ಕಡೆ ಸಲೀಸಾಗಿ ಬಗ್ಗುತ್ತದೆ. ಆ ಬಾಗಿನ ಗೆರೆ ಯಾವ ಕಡೆಗಿದೆಯೋ ಅದೇ ನಾರು ಮಲಗಿರುವ ದಿಕ್ಕು. ಅದು ಬುಟ್ಟಿಯ ಉದ್ದಕ್ಕೆ ಬರಬೇಕು. ಮೊದಲನೆಯದನ್ನು ಅಡ್ಡ ಹಿಡಿದು ಸುತ್ತಿದೆ. ಮೈಯೆಲ್ಲ ಮುರುಕು ಮುರುಕು, ಪಟ್ಟಿಗಳು ಸೋತು ನೇತಾಡಿದವು. ತಿರುಗಿಸಿ ಮಾಡಿದ್ದು ಗುಂಡಗೆ ನಿಂತಿತು. ಬೆಳಕು ಸೀಳಿನಿಂದ ಮಾತ್ರ ಬರುತ್ತದೆ, ಹಗಲಿನ ಅಲಂಕಾರ ಅಂದುಕೊಳ್ಳಿ. ಮಕ್ಕಳ ಕೈಗೆ ಇದಕ್ಕಿಂತ ಒಳ್ಳೆಯದಿಲ್ಲ. ಇವಳೊಬ್ಬಳೇ ಆಮೇಲೆ ಐದು ಮಾಡಿದಳು.

ಪಾಡ್ಯದ ರಾತ್ರಿ ತುಂತುರು ಮಳೆ. ಜಿಲೆಟಿನ್‌ಗೆ ಏನೂ ಆಗಲಿಲ್ಲ. ಚಾರ್ಟ್ ಸ್ವಲ್ಪ ಸೊರಗಿತು. ಗಂಜಿ ಬುಟ್ಟಿ ಎರಡು ಕಡೆ ಬಿಟ್ಟುಕೊಂಡು, ಬಣ್ಣ ಸೋರಿ, ಬೆಳಗ್ಗೆ ಹೊತ್ತಿಗೆ ಬರೀ ಕಡ್ಡಿ ಮತ್ತು ಚಿಂದಿ. ಸೂರಿನ ಒಳಗೆ ಒಂದು ಮೊಳ ಸರಿಸಿ ಕಟ್ಟಿದ್ದರೆ ಉಳಿಯುತ್ತಿತ್ತು.

ಆದರೂ ಮುಂದಿನ ವರ್ಷ ನಾನು ಗಂಜಿಯದ್ದನ್ನೇ ಮಾಡುವುದು. ಅವಳಿಗೆ ಜಿಲೆಟಿನ್ನೇ ಬೇಕಂತೆ. ತ್ರಿಕೋನಕ್ಕೆ ಜಿಲೆಟಿನ್, ಚೌಕಕ್ಕೆ ತೆಳು ಹಾಳೆ ಅಂತ ರಾಜಿ ಆಗಿದೆ. ಹಂದರ ಎರಡೂ ಅಟ್ಟದ ಮೇಲಿವೆ. ಜಗುಲಿ ಗೋಡೆಯ ಗುಲಾಬಿ ಕಲೆ ಮಾತ್ರ ಇನ್ನೂ ಹೋಗಿಲ್ಲ. ಬಂದವರಿಗೆಲ್ಲ ಅಮ್ಮ ಅದನ್ನು ತೋರಿಸಿ, ನನ್ನ ಕಡೆ ನೋಡುತ್ತಾರೆ.