ಹಲ್ಲಿನ ಡಾಕ್ಟರ್ ಅಂದರೆ ಹೆದರುವವರಿಗೆ: ಪಿ.ಜೆ. ಬಡಾವಣೆಯ ಒಂದು ಸಣ್ಣ ಕ್ಲಿನಿಕ್

ಹಲ್ಲಿನ ಡಾಕ್ಟರ್ ಹತ್ತಿರ ಹೋಗಲು ಹೆದರುವವರು ದಾವಣಗೆರೆಯಲ್ಲಿದ್ದರೆ, ಈ ಕ್ಲಿನಿಕ್ಕಿಗೆ ಧೈರ್ಯವಾಗಿ ಹೋಗಬಹುದು. ಪಿ.ಜೆ. ಬಡಾವಣೆಯಲ್ಲಿದೆ, ಮೊದಲ ಮಹಡಿ. ಎರಡೇ ಕುರ್ಚಿ, ಒಬ್ಬರು ಡಾಕ್ಟರಮ್ಮ, ಒಬ್ಬಳು ಸಹಾಯಕ ಹುಡುಗಿ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದರಿಂದ ಹಾಕಿಲ್ಲ. ಅವರು ಕೆಲಸ ಮಾಡುವ ರೀತಿಯನ್ನು ಮಾತ್ರ ಬರೆಯುತ್ತೇನೆ. ನೀವು ಬೇರೆ ಯಾರ ಹತ್ತಿರ ಹೋದರೂ ಹೀಗೇ ಮಾಡಿ ಎಂದು ಕೇಳಬಹುದು.

ನಾನು ಜಗಳೂರು ಕಡೆಯವನು. ಇಲ್ಲಿ ಎಪಿಎಂಸಿಯ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲೂ ಇದೇ ಪಾಡು. (ಜಗಳೂರು ಕೂಡ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು.) ಚಿಕ್ಕಂದಿನಲ್ಲಿ ಒಸಡಿನೊಳಗೆ ಹಲ್ಲು ಬೆಳೆಯುವ ಹೊತ್ತಿಗೆ ಆ ನೀರು ಕುಡಿದರೆ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನನಗೂ ಇದೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ನನ್ನ ಭಯದಲ್ಲಿ ಅರ್ಧ ನೋವಿನದ್ದು, ಇನ್ನರ್ಧ ಬೈಸಿಕೊಳ್ಳುವುದರದ್ದು. ಹುಡುಗನಾಗಿದ್ದಾಗ ಒಂದು ಕಡೆ ಹಲ್ಲು ಕೀಳಿಸಲು ಕರೆದುಕೊಂಡು ಹೋಗಿದ್ದರು. ದವಡೆ ಊದಿತ್ತು. ಇಂಜೆಕ್ಷನ್ ಸರಿಯಾಗಿ ಹಿಡಿದಿರಲಿಲ್ಲ, ಅಷ್ಟರಲ್ಲೇ ಇಕ್ಕಳ ಹಾಕಿದರು. ಅತ್ತಿದ್ದಕ್ಕೆ, "ಹಲ್ಲು ಉಜ್ಜೋಕೆ ಬರಲ್ಲ, ಅಳೋಕೆ ಬರುತ್ತೆ" ಎಂದರು. ಆ ನೋವು ಎರಡು ದಿನಕ್ಕೆ ಹೋಯಿತು. ಮಾತು ಹೋಗಲಿಲ್ಲ.

ಈ ಡಾಕ್ಟರಮ್ಮ ಮೊದಲ ದಿನ ಕುರ್ಚಿಯನ್ನು ಹಿಂದಕ್ಕೆ ಮಲಗಿಸಲೇ ಇಲ್ಲ. ನೆಟ್ಟಗೆ ಕೂರಿಸಿಕೊಂಡು ಕೇಳಿದರು: "ಯಾವುದಕ್ಕೆ ಜಾಸ್ತಿ ಹೆದರಿಕೆ ಅಣ್ಣ? ಸೂಜಿಗಾ, ಸದ್ದಿಗಾ, ಬಾಯಲ್ಲಿ ನೀರು ತುಂಬೋದಕ್ಕಾ?" ಹೀಗೆ ಬಿಡಿಸಿ ಕೇಳಿದವರು ಇವರೇ ಮೊದಲು. ಆಮೇಲೆ ಕನ್ನಡಿ ಹಿಡಿದು ಹಲ್ಲು ನೋಡಿ, "ಜಗಳೂರಾ, ಚಳ್ಳಕೆರೆನಾ? ಈ ಗೆರೆ ನೀರಿಂದ ಆಗಿದ್ದು, ನಿಮ್ಮ ತಪ್ಪಲ್ಲ" ಎಂದರು. ನನಗೆ ಮಾತೇ ಹೊರಡಲಿಲ್ಲ.

ಕ್ಲಿನಿಕ್ಕಿನ ವಾಸನೆಯೂ ನನಗೆ ಆಗುತ್ತಿರಲಿಲ್ಲ. ಅದನ್ನು ಹೇಳಿದೆ. ಒಂದು ಸಣ್ಣ ಶೀಶೆ ತೆಗೆದು ಮೂಗಿನ ಹತ್ತಿರ ಹಿಡಿದರು. ಲವಂಗ! ತಾತ್ಕಾಲಿಕವಾಗಿ ಹಲ್ಲು ತುಂಬುವ ಪುಡಿಯನ್ನು ಯುಜೆನಾಲ್‌ನಲ್ಲಿ ಕಲಸುತ್ತಾರಂತೆ. ಲವಂಗದ ಎಣ್ಣೆಯಲ್ಲಿರುವುದೂ ಅದೇ. ಹಲ್ಲು ನೋವಾದಾಗ ಅಮ್ಮ ಹತ್ತಿಯಲ್ಲಿ ಅದ್ದಿ ಇಡುತ್ತಿದ್ದ ಎಣ್ಣೆಯ ವಾಸನೆಗೇ ಇಷ್ಟು ದಿನ ಹೆದರಿದ್ದೆ ಎಂದು ಗೊತ್ತಾದ ಮೇಲೆ ಆ ವಾಸನೆ ನನ್ನನ್ನು ಕಾಡಲಿಲ್ಲ.

ಅವರ ಪದ್ಧತಿ ಇಷ್ಟೇ. ಮೊದಲು ಹೇಳುತ್ತಾರೆ, ಆಮೇಲೆ ತೋರಿಸುತ್ತಾರೆ, ಕೊನೆಗೆ ಮಾಡುತ್ತಾರೆ. ಮಕ್ಕಳಿಗೆಂದು ಹುಟ್ಟಿದ ಕ್ರಮವಂತೆ, ದೊಡ್ಡವರಿಗೂ ಚೆನ್ನಾಗಿ ಆಗುತ್ತದೆ. ಹಲ್ಲು ತಿಕ್ಕುವ ತಿರುಗುವ ಬ್ರಷ್ಷನ್ನು ನನ್ನ ಉಗುರಿನ ಮೇಲೆ ಓಡಿಸಿ ತೋರಿಸಿದರು. ಹಲ್ಲು ಕೊರೆಯುವ ಯಂತ್ರ, ಅಂದರೆ ಏರೋಟರ್, ಅದರ ಸದ್ದನ್ನು ಬಾಯಿಂದ ದೂರದಲ್ಲೇ ಕೇಳಿಸಿದರು. ಮತ್ತೆ ಒಂದು ಮಾತು: "ಯಾವಾಗ ಸಾಕು ಅನ್ಸುತ್ತೋ ಎಡಗೈ ಎತ್ತಿ, ನಿಲ್ಲಿಸ್ತೀನಿ." ಎಡಗೈ ಯಾಕೆ ಎಂದರೆ ಅವರು ನಮ್ಮ ಬಲಕ್ಕೆ ಕೂತು ಕೆಲಸ ಮಾಡುತ್ತಾರೆ, ಬಲಗೈ ಎತ್ತಿದರೆ ಅವರ ಕೈಗೇ ತಾಗುತ್ತದೆ. ಕೆಲಸದ ನಡುವೆ ನಾನು ಕೈ ಎತ್ತಿದೆ. ನಿಜವಾಗಿಯೂ ನಿಲ್ಲಿಸುತ್ತಾರಾ ಎಂದು ನೋಡಬೇಕಿತ್ತು. ಆ ಕ್ಷಣವೇ ನಿಂತಿತು. "ಆಯ್ತು, ಉಗುಳಿ, ಉಸಿರು ತಗೊಳ್ಳಿ" ಎಂದರು, ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಭಯ ಬಿಟ್ಟದ್ದು ಅಲ್ಲಿ. ನಿಲ್ಲಿಸುವ ಅಧಿಕಾರ ನನ್ನ ಕೈಯಲ್ಲಿದೆ ಎಂದು ಗೊತ್ತಾದ ಮೇಲೆ ಮತ್ತೆ ಕೈ ಎತ್ತಬೇಕು ಅನಿಸಲಿಲ್ಲ.

ಇಂಜೆಕ್ಷನ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಎಲ್ಲರಿಗೂ ಅದೇ ಹೆದರಿಕೆ ಅಲ್ವಾ? ಮೊದಲು ಒಸಡಿಗೆ ಜೋಮು ಹಿಡಿಸುವ ಜೆಲ್ ಹಚ್ಚಿ ಕಾದರು. ಆಮೇಲೆ ಔಷಧಿಯನ್ನು ತುಂಬಾ ನಿಧಾನವಾಗಿ ಬಿಟ್ಟರು. ಬೇಗ ಒತ್ತಿದರೇ ಜಾಸ್ತಿ ನೋವಂತೆ. "ಈಗ ಎದೆ ಡವಡವ ಅನ್ನಬಹುದು, ಅದು ಭಯ ಅಲ್ಲ, ಔಷಧಿ" ಎಂದು ಮೊದಲೇ ಹೇಳಿದರು. ಜೋಮು ಹಿಡಿಸುವ ಔಷಧಿಯಾದ ಲಿಗ್ನೋಕೇನ್ ಜೊತೆ ಅಡ್ರಿನಲಿನ್ ಇರುತ್ತದೆ. ಅದು ರಕ್ತನಾಳಗಳನ್ನು ಬಿಗಿ ಮಾಡಿ ಔಷಧಿಯನ್ನು ಅಲ್ಲೇ ಹಿಡಿದಿಡುತ್ತದೆ. ಬಿಪಿ, ಹೃದಯದ ತೊಂದರೆ ಇದ್ದವರು ಇದಕ್ಕೇ ಮೊದಲೇ ತಿಳಿಸಬೇಕು. ಕೆಳಗಿನ ದವಡೆಯಾದ್ದರಿಂದ ಅರ್ಧ ತುಟಿ, ಅರ್ಧ ನಾಲಿಗೆ ಮರಗಟ್ಟಿತು. ಚೂಪು ಕಡ್ಡಿಯಿಂದ ಮುಟ್ಟಿ ಪರೀಕ್ಷೆ ಮಾಡಿದ ಮೇಲೇ ಕೆಲಸ ಶುರು.

ಹುಡುಗನಾಗಿದ್ದಾಗ ನನಗೆ ಯಾಕೆ ಇಂಜೆಕ್ಷನ್ ಹಿಡಿಯಲಿಲ್ಲ ಎಂದೂ ಕೇಳಿದೆ. ಕೀವು ತುಂಬಿ ಊದಿದ ಜಾಗದಲ್ಲಿ ಆಮ್ಲದ ಅಂಶ ಜಾಸ್ತಿ, ಔಷಧಿ ನರದೊಳಗೆ ಸರಿಯಾಗಿ ಇಳಿಯುವುದಿಲ್ಲ ಎಂದರು. ಹೆದರಿ ಮುಂದೂಡಿದಷ್ಟೂ ಕೀವಾಗುತ್ತದೆ, ಕೀವಾದರೆ ಜೋಮು ಹಿಡಿಯುವುದಿಲ್ಲ, ನೋವಾಗುತ್ತದೆ, ಮತ್ತೆ ಹೆದರುತ್ತೇವೆ. ಇದನ್ನು ನನಗೆ ಇಪ್ಪತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು!

ನನಗೆ ಮಾಡಿದ್ದು ರೂಟ್ ಕೆನಾಲ್, ಅಂದರೆ ಹಲ್ಲಿನೊಳಗಿನ ಕೆಟ್ಟ ನರ ತೆಗೆದು ಆ ಜಾಗ ತುಂಬುವುದು. ಅದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರೆ, ಹಾಗಾಗಿ ನೀರು ಗಂಟಲಿಗೆ ಇಳಿಯುವುದಿಲ್ಲ. ಬೇರಿನ ಉದ್ದ ಅಳೆಯುವ ಯಂತ್ರ ಬೀಪ್ ಎನ್ನುತ್ತಿರುತ್ತದೆ. ದವಡೆ ಒತ್ತಿದಂತೆ ಅನಿಸಿತು, ನೋವಿರಲಿಲ್ಲ. ತುಟಿ ಮರಗಟ್ಟಿರುವ ಹೊತ್ತು ಏನೂ ತಿನ್ನಬೇಡಿ, ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಮಂಡಕ್ಕಿ ಮೆಣಸಿನಕಾಯಿ ಒಂದೆರಡು ದಿನ ದೂರವೇ ಇರಲಿ.

ಕೊರತೆಗಳೂ ಇವೆ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ವಯಸ್ಸಾದವರಿಗೆ ಕಷ್ಟ. ಕಾಯುವ ಕೋಣೆಗೂ ಒಳಕೋಣೆಗೂ ನಡುವೆ ಇರುವುದು ತೆಳು ಬಾಗಿಲು, ಏರೋಟರ್ ಸದ್ದೆಲ್ಲ ಹೊರಗೆ ಕೇಳುತ್ತದೆ. ಹೆದರುವವರನ್ನೇ ಇಷ್ಟು ಚೆನ್ನಾಗಿ ನೋಡಿಕೊಳ್ಳುವವರು ಇದನ್ನು ಸರಿಮಾಡಿಸಲೇಬೇಕು, ಅವರಿಗೂ ಹೇಳಿದ್ದೇನೆ. ಅಲ್ಲಿಯವರೆಗೆ ಬೆಳಗಿನ ಮೊದಲ ಸರದಿಯನ್ನೇ ಕೇಳಿ. ಸಂಜೆ ಹೇಳಿದ ಸಮಯಕ್ಕಿಂತ ಮುಕ್ಕಾಲು ಗಂಟೆ ತಡವಾಗಿದ್ದೂ ಇದೆ.

ರೂಟ್ ಕೆನಾಲ್‌ಗೆ 3,500 ರೂಪಾಯಿ, ಆ ಹಲ್ಲಿನ ಮೇಲೆ ಹಾಕಿದ ಕ್ಯಾಪ್‌ಗೆ 4,000 ಆಯಿತು. ಎರಡು ಕಂತಿನಲ್ಲಿ ಕೊಟ್ಟೆ. ಇದೂ ಭಾರ ಅನಿಸಿದರೆ ದಾವಣಗೆರೆಯಲ್ಲೇ ಡೆಂಟಲ್ ಕಾಲೇಜುಗಳಿವೆ, ಬಾಪೂಜಿಯದ್ದು 1979ರಿಂದ ಇದೆ. ಡೆಂಟಲ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕೆಲಸ ಮಾಡುವಾಗ ಮೇಷ್ಟ್ರುಗಳು ನೋಡುತ್ತಿರುತ್ತಾರೆ, ಹಾಗಾಗಿ ಸಮಯ ಜಾಸ್ತಿ ಹಿಡಿಯುತ್ತದೆ. ಅಲ್ಲೂ ಎಡಗೈ ಮಾತನ್ನು ಮೊದಲೇ ಆಡಿಕೊಳ್ಳಿ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂದು ನಮ್ಮತ್ತೆ ಇನ್ನೂ ಹಟ ಹಿಡಿದಿದ್ದಾರೆ. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ ಎಂದು ಡಾಕ್ಟರಮ್ಮ ನನಗೆ ಚಿತ್ರ ಬರೆದು ತೋರಿಸಿದ್ದರು. ಆ ಚೀಟಿಯನ್ನು ಅತ್ತೆಗೂ ತೋರಿಸಿದೆ. ಹೆದರಿಕೆ ಪೂರ್ತಿ ಹೋಗಿಲ್ಲ, ಆದರೆ ಸುಮ್ನೆ ಮಾತಾಡಿಕೊಂಡು ಬರೋಣ ಎಂದು ಒಪ್ಪಿದ್ದಾರೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸರದಿ ಹೇಳಿಟ್ಟಿದ್ದೇನೆ.