ಕೊಳೆಯೋ ಸೋಂಕಿನ ಡೌಟಿದ್ರ ಬ್ಲಡ್ ಟೆಸ್ಟಾ, ಸಿಟಿನಾ, ಸೀದಾ ಆಪರೇಷನ್ನಾ?

ಯಾದಗಿರಿಂದ ಕೇಳಿದ್ರಲ್ಲ, ನೆಕ್ರೋಟೈಜಿಂಗ್ ಫ್ಯಾಸೈಟಿಸ್ (ಚರ್ಮದ ಕೆಳಗಿನ ಪದರ ಜಲ್ದಿ ಕೊಳೆಸೋ ಸೋಂಕು) ಅನಿಸಿದ್ರ ಯಾವ್ದು ಮೊದಲು ಅಂತ. ಖರ್ಚು ನೋಡಿದ್ರ ಬ್ಲಡ್ ಟೆಸ್ಟೇ ಅಗ್ಗ, ಅದರ ಅಂಕಿ ಕೂಡಿಸಿ ಈ ರೋಗದ ಅನುಮಾನ ಅಳೆಯೋ ಎಲ್‌ಆರ್‌ಐಎನ್‌ಇಸಿ ಸ್ಕೋರ್ 6 ಇಲ್ಲಾ ಅದಕ್ಕಿಂತ ಮ್ಯಾಲ ಬಂದ್ರ ಅನುಮಾನ ಜಾಸ್ತಿ, ಆದ್ರ ಕಡಿಮಿ ಬಂತಂತ ಸುಮ್ನ ಕುಂದ್ರಬ್ಯಾಡ್ರಿ. ಬಿಪಿ ಸರಿ ಇದ್ದು ಡೌಟ್ ಅರ್ಧಂಬರ್ಧ ಇದ್ರ ಸಿಟಿ ಛಲೋ, ಒಳಗಿನ ಗ್ಯಾಸ್, ಕೀವು ತೋರಸ್ತದ, ಗ್ಯಾಸ್ ಕಾಣಲಿಲ್ಲಂದ್ರೂ ರೋಗ ಇರಬಹುದು. ಎಂಆರ್‌ಐ ಟೈಮ್ ತಿಂತದ. ಊತಕ್ಕಿಂತ ನೋವೇ ವಿಪರೀತ, ಚರ್ಮ ಕಪ್ಪಾಗಿ ನೀರುಗುಳ್ಳಿ, ಬಿಪಿ ಇಳೀಲಿಕತ್ತಿದ್ರ ಸ್ಕ್ಯಾನಿಗೆ ಕಾಯಲೇಬ್ಯಾಡ್ರಿ, ಆಂಟಿಬಯೋಟಿಕ್ ಶುರು ಮಾಡಿಸಿ ಸೀದಾ ಸರ್ಜನ್ ಹತ್ರ ಒಯ್ಯಿರಿ, ಕೊಯ್ದಾಗ ಬೂದಿಬಣ್ಣದ ನೀರು ಬಂದು ಒಳಪದರ ಬೆರಳಿಗೇ ಬಿಚ್ಚಿಕೊಂಡ್ರ ಖಾತ್ರಿ, ಸತ್ತ ಭಾಗ ಅಲ್ಲೇ ತೆಗೀತಾರ. ಅಲ್ಲಿ ಸರ್ಜನ್ ಸಿಗಲಿಲ್ಲಂದ್ರ ಡ್ರಿಪ್ ಹಾಕಿಸಿಯೇ ಕಲಬುರಗಿಗೆ ಹೊರಡ್ರಿ, ಶುಗರ್ ಇದ್ದವ್ರಿಗಂತೂ ಬೆಳಗಾಗಲಿ ಅನ್ನಬ್ಯಾಡ್ರಿ.